ಎಂಟು ದಿನಕ್ಕೆ ಅರ್ಧ

ತಾರೀಕು ೧೪, ಭಾನುವಾರ

ಮುದ್ದು ಚೂಟಿಗೆ,

ಅಮ್ಮನ ಆಶೀರ್ವಾದ. ನೀನು ಬಂದು ಹೋಗಿ ಹನ್ನೊಂದು ದಿನವಾಯಿತು. ನಾಲ್ಕು ಸಲ ಕಾಗದ ಬರೆಯಲು ಕೂತು ನಾಲ್ಕನ್ನೂ ಹರಿದು ಹಾಕಿದೆ. ತಡವಾದದ್ದಕ್ಕೆ ಬೈದುಕೋ, ಆದರೆ ಓದದೆ ಎತ್ತಿಡಬೇಡ. ನಿನಗೀಗ ಏಳು ತಿಂಗಳು ತುಂಬಿತಲ್ಲ, ಕಾಲು ಊದಿಕೊಳ್ಳುತ್ತಿದೆಯೆಂದು ನಿನ್ನ ಸೋದರಮಾವ ಹೇಳಿದ.

ನನ್ನ ಕುತ್ತಿಗೆಯ ಗಂಟಿನ ಸುದ್ದಿಯನ್ನು ನಿನಗೆ ಮುಟ್ಟಿಸಿದವನೂ ಅವನೇ. ನಾನು ಬೇಡವೆಂದಿದ್ದೆ. ಥೈರಾಯ್ಡ್ ಕ್ಯಾನ್ಸರ್. ಆಪರೇಷನ್ ಆದಮೇಲೆ ಉಳಿದ ಚೂರುಪಾರನ್ನು ಸುಡಲು ವಿಕಿರಣ ಸೂಸುವ ಅಯೋಡಿನ್ ಕೊಟ್ಟರು. ಆ ಗ್ರಂಥಿಗೆ ಅಯೋಡಿನ್ ಎಂದರೆ ಪ್ರಾಣ. ಒಳ್ಳೆಯದೋ ಕೆಟ್ಟದ್ದೋ ನೋಡದೆ ಎಳೆದುಕೊಳ್ಳುತ್ತದೆ, ಎಳೆದುಕೊಂಡೇ ಸಾಯುತ್ತದೆ. ಮೂವತ್ತೊಂದು ವರ್ಷ ಮಕ್ಕಳಿಗೆ ಪರಮಾಣುವಿನ ಪಾಠ ಮಾಡಿದವಳು ನಾನು. ಆದರೂ ಡಾಕ್ಟರು ಸೀಸದ ಡಬ್ಬಿಯಿಂದ ಮಾತ್ರೆಯನ್ನು ಇಕ್ಕಳದಲ್ಲಿ ಎತ್ತಿಕೊಟ್ಟು, ತಾವು ಬಾಗಿಲಾಚೆ ಹೋಗಿ ನಿಂತಾಗ ಅದನ್ನೇ ನೋಡುತ್ತ ಕೂತುಬಿಟ್ಟೆ. ಅವರು ಮುಟ್ಟದ್ದನ್ನು ನಾನು ನುಂಗಬೇಕು!

ಆ ಕೋಣೆಯಲ್ಲಿ ಒಬ್ಬಳೇ ಮೂರು ದಿನ. ನರ್ಸ್ ಬಾಗಿಲಲ್ಲೇ ನಿಂತು ಟಿಕ್‌ಟಿಕ್ ಎನ್ನುವ ಮೀಟರು ಹಿಡಿದು, "ಟೀಚರ್, ಇವತ್ತು ಕ್ಲಾಸಲ್ಲಿ ಗಲಾಟೆ ಸ್ವಲ್ಪ ಕಮ್ಮಿ" ಎನ್ನುತ್ತಿದ್ದಳು. ಮನೆಗೆ ಬಂದಮೇಲೆ ಎದುರುಮನೆಯ ದರ್ಜಿಯ ಹೆಂಡತಿ ಗೇಟಿನಾಚೆಯಿಂದಲೇ, "ಅಕ್ಕಾ, ಬಾಂಬಿನೊಳಗೆ ಇರೋದನ್ನೇ ನುಂಗಿಸಿದ್ರಂತೆ, ಹೌದಾ? ಕತ್ತಲಲ್ಲಿ ಹೊಳೀತೀರಾ?" ಎಂದಳು. ನಕ್ಕುಬಿಟ್ಟೆ. ಆಮೇಲೆ ಬಚ್ಚಲಿನ ದೀಪ ಆರಿಸಿ ಕನ್ನಡಿ ನೋಡಿಕೊಂಡೆ ಕೂಡ. ಓದಿದ ತಲೆ ಒಂದು ಹೇಳುತ್ತದೆ, ಎದೆ ಇನ್ನೊಂದು.

ಆ ಅಯೋಡಿನ್ ಎಂಟು ದಿನಕ್ಕೆ ಅರ್ಧವಾಗುತ್ತದೆ, ಮತ್ತೆಂಟು ದಿನಕ್ಕೆ ಅರ್ಧದಲ್ಲಿ ಅರ್ಧ. ಇದನ್ನು ತೋರಿಸಲು ತರಗತಿಯಲ್ಲಿ ನೂರು ಅಂಗಿಗುಂಡಿ ಚೆಲ್ಲಿ, ಮಗುಚಿ ಬಿದ್ದವನ್ನು ತೆಗೆಸಿ, ಉಳಿದವನ್ನು ಮತ್ತೆ ಚೆಲ್ಲಿಸುತ್ತಿದ್ದೆ. ಯಾವ ಗುಂಡಿ ಯಾವಾಗ ಎಂದು ಹೇಳಲಾಗದು, ಹೆಚ್ಚುಕಮ್ಮಿ ಅರ್ಧ ಹೋಗುವುದಂತೂ ಹೌದು. ಒಮ್ಮೆ ಗುಂಡಿ ಸಾಲದೆ ನಿನ್ನ ಅಂಗಿಯವನ್ನೂ ಕಿತ್ತೊಯ್ದೆ. ನೀನು ಪಿನ್ನು ಚುಚ್ಚಿಕೊಂಡು ಶಾಲೆಗೆ ಹೋದೆ. ನನ್ನ ನಿವೃತ್ತಿಯ ಬೀಳ್ಕೊಡುಗೆಯ ದಿನ ನೀನು ಮೈಕಿನ ಮುಂದೆ ಅದನ್ನೇ ಹೇಳಿ, "ಅಮ್ಮ ನಂಗೆ ಅಮ್ಮ ಆಗಿದ್ದಕ್ಕಿಂತ ಊರ ಮಕ್ಕಳಿಗೆ ಟೀಚರ್ ಆಗಿದ್ದೇ ಜಾಸ್ತಿ" ಎಂದೆ. ಸಭೆಯೆಲ್ಲ ನಕ್ಕಿತು, ನಾನೂ ನಕ್ಕೆ. ಮನೆಗೆ ಬಂದು ಮಾತ್ರ ನಿನಗೆ ಆಡಬಾರದ್ದನ್ನು ಆಡಿದೆ. ಅಲ್ಲಿಂದ ಎರಡು ವರ್ಷ ಮಾತು ಬಿಟ್ಟೆವು.

ಆ ಬುಧವಾರ ಬೆಲ್ ಆದಾಗ ಕಿಟಕಿಯಿಂದ ಇಣುಕಿದರೆ ನೀನು. ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈ ಸೊಂಟದ ಮೇಲೆ. "ಬರಬೇಡ, ಹೋಗು!" ಎಂದು ಕೂಗಿದೆ. "ಇನ್ನೂ ಕೋಪಾನಾ ಅಮ್ಮಾ?" ಎಂದೆ ನೀನು. "ಹೊಟ್ಟೇಲಿ ಮಗು ಇದೆ, ನನ್ನ ಹತ್ರ ಬರಬಾರ್ದು ಕಣೇ, ವಿಕಿರಣ!" ಎನ್ನುವಷ್ಟರಲ್ಲಿ ನೀನು ಮೆಟ್ಟಿಲಿಳಿದು ಹೋಗಿದ್ದೆ. ಬಸುರಿಯರಿಂದ, ಎಳೆಮಕ್ಕಳಿಂದ ದೂರವಿರಿ ಎಂದು ಡಾಕ್ಟರು ಹೇಳಿದ್ದು ಸತ್ಯ. ಬೇಕಾದರೆ ಮಾವನನ್ನೇ ಕೇಳು.

ಹೊತ್ತುಹೊತ್ತಿಗೆ ಉಣ್ಣು. ಎಡಮಗ್ಗುಲಿಗೆ ಮಲಗು. ನಿನ್ನ ಒಡಲು ತಣ್ಣಗಿರಲಿ, ಬರುವ ಕೂಸು ಬೀದಿಗೆ ಕೇಳುವ ಹಾಗೆ ಅಳಲಿ.

ನಿನ್ನ ಅಮ್ಮ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಡಿಸಿದೆ. ಮೇಲೆ ಬರೆದದ್ದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ದೂರವಿರಲು ಆಸ್ಪತ್ರೆಯ ಚೀಟಿಯಲ್ಲಿ ಬರೆದದ್ದು ಮೂರು ವಾರ. ನೀನು ಬಂದದ್ದು ಮಾತ್ರೆ ನುಂಗಿದ ಇಪ್ಪತ್ತಾರನೇ ದಿನ. ಹಿಂದಿನ ದಿನವಷ್ಟೇ ಆಸ್ಪತ್ರೆಗೆ ಹೋಗಿದ್ದಾಗ ಆ ನರ್ಸ್ ಅಳೆದು ನೋಡಿ, "ಇನ್ನು ಯಾರನ್ನ ಬೇಕಾದ್ರೂ ತಬ್ಕೊಳ್ಳಿ ಟೀಚರ್" ಎಂದಿದ್ದಳು. ಅದು ನನಗೆ ಮರೆತಿರಲಿಲ್ಲ. ಮಗುವಿಗೇನಾದರೂ ಆದೀತೆಂದು ಹೆದರಿ ಕೂಗಿದೆನೋ, ಮೈಕಿನ ಮುಂದೆ ನೀನಾಡಿದ ಮಾತಿಗೆ ಇಷ್ಟು ದಿನ ಕಾದು ಕೂಗಿದೆನೋ, ಎಷ್ಟು ಕೆದಕಿದರೂ ತಿಳಿಯುತ್ತಿಲ್ಲ ಕಣೇ. ತಿಳಿಯಲೆಂದು ಕಾಯುತ್ತ ಕೂತರೆ ಮಗು ಹುಟ್ಟಿಬಿಡುತ್ತದೆ. ಶುಕ್ರವಾರ ಬೆಳಗಿನ ಬಸ್ಸಿಗೆ ಹೊರಟು ಬರುತ್ತೇನೆ. ನಿಲ್ದಾಣಕ್ಕೆ ಯಾರನ್ನಾದರೂ ಕಳಿಸಬೇಕೆನಿಸಿದರೆ ಕಳಿಸು. ಇಲ್ಲದಿದ್ದರೆ ದಾರಿ ಕೇಳಿಕೊಂಡು ಬರುತ್ತೇನೆ. ನಿನ್ನ ಮನೆ ನಾನಿನ್ನೂ ನೋಡೇ ಇಲ್ಲವಲ್ಲ.