ಗೂಟದ ಮೇಲೆ ಉಳಿದ ಬಿಲ್ಲು

ನಮ್ಮ ಶರಣನ ಅಪ್ಪನವರಿಗೆ,

ಅಲ್ಲಿ ಕೈಗೇನಾದರೂ ಕೆಲಸ ಸಿಕ್ಕಿದೆಯೋ? ಸುಮ್ಮನೆ ಕೂಡುವವರಲ್ಲ ನೀವು. ಕಂಡ ಕೋಲನ್ನೆಲ್ಲ ಬಗ್ಗಿಸಿ ನೋಡಿ ಅಲ್ಲಿಯವರ ತಲೆಯನ್ನೂ ತಿನ್ನುತ್ತಿರಬೇಕು. ಮೂರನೇ ಈಯತ್ತೆ ಕಲಿತವಳ ಸಾಲುಗಳು ಸೊಟ್ಟ ಹೋಗುತ್ತವೆ. ಓದಿಕೊಳ್ಳಿ.

ಕಮಲಾಪುರದ ಈ ಮನೆಯಲ್ಲಿ ನೀವು ಮೊದಲ ಬಿಲ್ಲು ಮಾಡಿದ್ದು ನೆನಪಿದೆಯೇ? ಕುಂಟೆ, ಕೂರಿಗೆ ಮಾಡುವ ಬಡಿಗ ನೀವು, ಶಾಲೆಯ ಆಟದ ಮಾಸ್ತರರು ಕೇಳಿದರೆಂದು ಜಾಲಿಯ ಕೊಂಬೆ ಸೀಳಿ ಕೂತಿರಿ. ಪಡಸಾಲೆಯ ಗೋಡೆಗೆ ಗೂಟ ಹೊಡೆದು, ಅದರ ಮೇಲೆ ಬಿಲ್ಲಿನ ನಡುವನ್ನು ಕೂಡಿಸಿ, ಹೆದೆಗೆ ಹಗ್ಗ ಕಟ್ಟಿ ಕೆಳಕ್ಕೆ ಎಳೆಯುತ್ತಿದ್ದಿರಿ. ಬಿಲ್ಲಿನ ಹಿಂದೆ ಗೋಡೆಯ ತುಂಬ ಇದ್ದಿಲಿನ ಅಡ್ಡ ಗೆರೆ. ಎರಡೂ ತುದಿ ಒಂದೇ ಗೆರೆಗೆ ಇಳಿದರೆ ಬಿಲ್ಲಿನ ಎರಡೂ ತೋಳು ಸಮ. ಒಂದು ತುದಿ ಮೇಲೆಯೇ ನಿಂತರೆ ಆ ತೋಳು ಬಿರುಸು. ಅದನ್ನು ಗಾಜಿನ ಚೂರಿನಿಂದ ಹೆದೆಯತ್ತ ಇರುವ ಹೊಟ್ಟೆಯ ಕಡೆ ಕೆರೆಯಬೇಕು, ಮತ್ತೆ ಎಳೆದು ನೋಡಬೇಕು. “ಸೋತದ್ದನ್ನ ಮುಟ್ಟಬಾರ್ದು, ಬಿರಸಿದ್ದನ್ನ ಇಳಸ್ಬೇಕು” ಎನ್ನುತ್ತಿದ್ದಿರಿ.

ಆ ವರ್ಷ ದೀಪಾವಳಿಗೆ ನಾನು ಗೋಡೆಗೆ ಸುಣ್ಣ ಹೊಡೆದೆ. ಹೊಡೆಯದೆ ಇರಲಾದೀತೇ? “ಮನಿ ಗ್ವಾಡಿ ನಿಮ್ಮ ಪಾಟಿ ಏನ್ರಿ?” ಎಂದೆ. ನೀವು ಸಿಟ್ಟಾಗಲಿಲ್ಲ, ನನಗೆ ಅದೇ ಇನ್ನಷ್ಟು ಸಿಟ್ಟು.

“ಗೆರಿ ಅಳಿಸಿದಾಕಿ ನೀ. ಇನ್ನ ನಿನ್ನ ಕಣ್ಣೇ ನನ್ನ ಗೆರಿ. ಬಂದು ನೋಡು.”

ಅಂದಿನಿಂದ ನೀವು ಗೆರೆ ಎಳೆಯಲೇ ಇಲ್ಲ. ಹಂಚಿನ ಮೇಲೆ ರೊಟ್ಟಿ ಇರಲಿ, ಬಿಡಲಿ, “ಶರಣನ ಅವ್ವಾ, ಬಾ ಇಲ್ಲಿ!” ಹಿಟ್ಟಿನ ಕೈಯಲ್ಲೇ ಅಡುಗೆಮನೆಯ ಬಾಗಿಲಲ್ಲಿ ನಿಂತು “ಎಡಗಡಿ ಬಿರಸದರೀ” ಎಂದರೆ, “ನಿನ್ನ ಬಾಯಿಗಿಂತಾನಾ?” ಎಂದು ನಗುತ್ತಿದ್ದಿರಿ. ನಿಮ್ಮ ಬಿಲ್ಲಿಗಾಗಿ ಎಷ್ಟು ರೊಟ್ಟಿ ಕರಕಾದವು!

ಸೇಡಂ ರಸ್ತೆಯ ದವಾಖಾನೆಯಲ್ಲಿ ಮೂಗಿಗೆ ನಳಿಗೆ ಹಾಕಿಕೊಂಡು ಮಲಗಿದಾಗಲೂ ಅದೇ ಚಿಂತೆ. “ಅಂಬೀ ಬಿಲ್ಲು ಗೂಟದ ಮ್ಯಾಲೇ ಅದ. ಬಲತೋಳು ಇನ್ನಾ ಬಿರಸದ. ಹಂಗೇ ಎಳದ್ರ ಎಡದ್ದು ಮುರೀತದ.” ಬಿಲ್ಲು ಮಾಡಿಕೊಡುತ್ತೇನೆಂದು ಮೊಮ್ಮಗಳು ಅಂಬಿಗೆ ಮಾತು ಕೊಟ್ಟಿದ್ದಿರಲ್ಲ. “ಮೊದಲ ನೀವು ಏಳ್ರಿ, ಬಿಲ್ಲು ಆಮ್ಯಾಲೆ” ಎಂದೆ. ನನ್ನ ಮಾತು ನೀವು ಎಂದು ಕೇಳಿದ್ದೀರಿ...

ನೀವು ಹೋದ ಮೇಲೆ ದಿನಕರ್ಮ ಮುಗಿಸಿ ಕಲಬುರಗಿಯ ನೆಹರು ಗಂಜ್‌ನ ಬೇಳೆ ಅಂಗಡಿಯ ಕೆಲಸಕ್ಕೆ ಹೊರಟ ಶರಣ ಗೂಟದ ಕೆಳಗೆ ನಿಂತ. “ಅವ್ವಾ, ಇದನ್ನ ಹಂಗೇ ಅಪ್ಪನ ಫೋಟೋದ ಬಾಜೂಕ ತೂಗಹಾಕೋಣು. ಎಳದು ಮುರದ್ರ?”

“ನಿಮ್ಮಪ್ಪ ಗ್ವಾಡಿ ಚಂದ ಕಾಣ್ಲಿ ಅಂತ ಜಾಲಿ ಕೆತ್ತಿದ್ನೇನೋ?”

ಅಂದದ್ದೇನೋ ಅಂದೆ. ಒಳಗೆ ನನಗೂ ಅದೇ ಭಯ. ನಿಮ್ಮ ಕೈ ಆಡಿಯೂ ಮುಗಿಯದೆ ಉಳಿದದ್ದು ಅದೊಂದೇ. ಅದು ಮುರಿದರೆ ನೀವು ಇನ್ನೊಮ್ಮೆ ಹೋದಂತೆ ಅಲ್ಲವೇ?

ಹೋದ ತಿಂಗಳು ಅಂಬಿ ಕಲಬುರಗಿಯಿಂದ ಬಂದು ತಾನೇ ಹಗ್ಗ ಹಿಡಿದಳು. ನಾನು ಅಡುಗೆಮನೆಯ ಬಾಗಿಲಲ್ಲಿ ನನ್ನ ಜಾಗದಲ್ಲೇ ನಿಂತೆ. ಅವಳು ಎಳೆದಳು. “ಬಲಗಡಿ ಬಿರಸದರೀ...” ಎಂದುಬಿಟ್ಟೆ. ಯಾರಿಗೆಂದು ಅವಳಿಗೆ ಗೊತ್ತಾಯಿತು. ತಿರುಗಿ ನೋಡಲಿಲ್ಲ, ಹಗ್ಗವನ್ನೂ ಬಿಡಲಿಲ್ಲ. ಒಳ್ಳೆಯ ಹುಡುಗಿ.

ಕೆರೆದು ಮತ್ತೆ ಎಳೆದಾಗ ನನಗೆ ಏನೂ ತಿಳಿಯಲಿಲ್ಲ. ಮೊದಲೇ ಪೊರೆ ಬಂದ ಕಣ್ಣು, ಮೇಲೆ ನೀರು ಬೇರೆ. ಎರಡು ತುದಿಯೂ ಮಸುಕು.

“ಆಯೀ, ಹೇಳ, ಯಾವ್ದು ಬಿರಸದ?”

“ಕಾಣವಲ್ದವ್ವಾ.”

ನಿಮ್ಮ ಗೆರೆ ಅಳಿಸಿಹೋಗಿದೆ ಎಂದು ಯಾರಿಗೆ ಹೇಳಲಿ? ಆಮೇಲೆ ಒಲೆಯಿಂದ ಒಂದು ಇದ್ದಿಲು ತಂದು ಅವಳ ಕೈಗಿಟ್ಟೆ.

“ಗ್ವಾಡಿಗೆ ಗೆರಿ ಎಳಿ. ಅಡ್ಡಕ್ಕ.”

“ಗ್ವಾಡಿ ಹೊಲಸಾದ್ರ ನೀ ಬೈತಿ ಬೇ.”

“ಬೈಯಾಕಿ ನಾನೇ ಹೇಳಾಕತ್ತೀನಿ, ಎಳಿ!”

ಅವಳು ಗೆರೆ ನೋಡಿ ಹೇಳಿದಳು, ನಾನು ಕೆರೆದೆ. ಹೊಟ್ಟೆಯ ಕಡೆ ಮಾತ್ರ. ಬೆನ್ನು ಮುಟ್ಟಲಿಲ್ಲ, ಆಣೆ. ಸಂಜೆಯ ಹೊತ್ತಿಗೆ ಎರಡೂ ತುದಿ ಒಂದೇ ಗೆರೆಗೆ ಬಂದು ನಿಂತವಂತೆ. ನಂಬದೆ ಹತ್ತಿರ ಹೋಗಿ ಬೆರಳಿನಿಂದ ಮುಟ್ಟಿ ನೋಡಿದೆ. ಹೌದು.

ಮರುದಿನ ಮಹಾಗಾಂವದ ದಾರಿಯ ಹೊಲದಲ್ಲಿ ಮೊದಲ ಬಾಣ ಬಿಟ್ಟಳು. ಗುರಿ ಹಿಡಿದದ್ದು ಬಣವೆಗೆ, ಬಾಣ ಹೋದದ್ದು ತೊಗರಿ ಬೆಳೆಯೊಳಗೆ. ಅದು ಅವಳ ಕೈ, ಬಿಲ್ಲಿನದೇನೂ ತಪ್ಪಿಲ್ಲ. ತೋಳು ಮುರಿಯಲಿಲ್ಲರೀ. ಎರಡೂ ಸಮ ಬಾಗಿದವು.

ಬಿಲ್ಲು ಈಗ ಅವಳೊಂದಿಗೆ ಕಲಬುರಗಿಯಲ್ಲಿದೆ. ಮೊನ್ನೆ ಹಬ್ಬಕ್ಕೆ ಮನೆಗೆಲ್ಲ ಸುಣ್ಣ ಹೊಡೆಸಿದೆ. ಆಳು ಬಕೆಟ್ ಹಿಡಿದು ಗೂಟದ ಗೋಡೆಗೆ ಬಂದಾಗ “ಇದೊಂದು ಬಿಡಪ್ಪಾ” ಎಂದೆ. ಯಾಕಮ್ಮಾ ಎಂದ. ಪಕ್ಕದ ಗೋಡೆ ತೋರಿಸಿದೆ. ನಾನಿರುವ ತನಕ ಆ ಗೋಡೆಗೆ ಸುಣ್ಣವಿಲ್ಲ.

ಮತ್ತೊಂದು ಸುದ್ದಿ. ಈಗ ನನ್ನ ರೊಟ್ಟಿ ಒಂದೂ ಕರಕಾಗುವುದಿಲ್ಲ.

ನಿಮ್ಮ
ಶರಣನ ಅವ್ವ