ಐದನೆಯ ‘ಇದ್ದೀನಿ’

ಭಾನುವಾರ, ಆಗಸ್ಟ್ ೯

ಪ್ರೀತಿಯ ಆಂಟಿ,

ನಮ್ಮ ಗುಂಡುಸೂಜಿ, ಅಂದರೆ ನಿಮ್ಮ ಮಗಳು ಹೋದ ಮೇಲೆ ನಾನು ನಿಮಗೆ ಒಂದು ಫೋನೂ ಮಾಡಲಿಲ್ಲ. ಬೈದುಕೊಂಡಿರುತ್ತೀರಿ. ನಾನು ಮಾಡಿದ ಕೆಲಸ ಕೇಳಿದರೆ ಇನ್ನೂ ನಾಲ್ಕು ಸೇರಿಸಿ ಬೈಯುತ್ತೀರಿ.

ಸೋಂಕಿನ ಭಯಕ್ಕೆ ಹೊಲಿಗೆ ತರಗತಿ ಮುಚ್ಚಿದಾಗಿನಿಂದ ನಾವು ಐದು ಜನ ಗೆಳತಿಯರು ಸಂಜೆ ಆರಕ್ಕೆ ವಿಡಿಯೊದಲ್ಲಿ ಸೇರುತ್ತಿದ್ದೆವಲ್ಲ, ಆ ಪದ್ಧತಿ ನಿಮ್ಮ ಮಗಳದ್ದೇ. ಒಬ್ಬೊಬ್ಬರೂ ಬಟ್ಟೆಗೆ ಒಂದು ಹೊಲಿಗೆ ಹಾಕಿ ‘ಇದ್ದೀನಿ’ ಅನ್ನಬೇಕು. ಐದೂ ಆಗುವ ತನಕ ಯಾರೂ ದಾರ ಕತ್ತರಿಸುವಂತಿಲ್ಲ. ಇದೆಂಥ ಹುಡುಗಾಟ ಎಂದು ಮೊದಲು ನಾನು ರೇಗಿದ್ದೆ. ಆಮೇಲೆ ಇಡೀ ದಿನ ಆ ಆರು ಗಂಟೆಗಾಗಿಯೇ ಕಾಯತೊಡಗಿದೆ.

ಅವಳು ಆಸ್ಪತ್ರೆಯಲ್ಲಿ ತೀರಿಕೊಂಡದ್ದನ್ನು ನೀವು ಮೊದಲು ನನಗೇ ಹೇಳಿದಿರಿ. ಉಳಿದ ಮೂವರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಅವರಲ್ಲಿ ಚಿಕ್ಕವಳು ಆಗಲೇ ಊಟ ಬಿಟ್ಟು ಮೂಲೆ ಹಿಡಿದಿದ್ದಳು. ಗುಂಡುಸೂಜಿಯ ಕ್ಯಾಮೆರಾ ಕೆಟ್ಟಿದೆ, ನನ್ನ ಇನ್ನೊಂದು ಫೋನಿಗೆ ಕರೆ ಮಾಡಿ ಮಾತಾಡುತ್ತಾಳೆ ಎಂದುಬಿಟ್ಟೆ. ಅವಳು ಹಿಂದೆ ಕಳಿಸಿದ್ದ ಧ್ವನಿ ಸಂದೇಶಗಳಿಂದ ಒಂದು ‘ಇದ್ದೀನಿ’ ಆರಿಸಿಕೊಂಡು ಆ ಫೋನಿನಿಂದ ದಿನವೂ ಹಾಕಿದೆ. ಅವಳ ಹೊಲಿಗೆಯನ್ನೂ ನಾನೇ ಹಾಕಿದೆ. ಹೀಗೆ ಹದಿನಾಲ್ಕು ದಿನ ನಡೆಯಿತು.

ಗುರುವಾರ ಆ ಫೋನಿನಲ್ಲಿ ಚಾರ್ಜ್ ಇರಲಿಲ್ಲ. ನನಗೆ ಗೊತ್ತಾಗುವಷ್ಟರಲ್ಲಿ ಅವಳ ಸರದಿ ಬಂದೇಬಿಟ್ಟಿತ್ತು. ಆಗ ‘ಇದ್ದೀನಿ’ ಎಂದು ಕೇಳಿಸಿತು. ಅದೇ ಧ್ವನಿ, ಆದರೆ ನನ್ನ ಬಳಿಯಿರುವ ತುಣುಕಿನಲ್ಲಿ ಇಲ್ಲದ ಕೆಮ್ಮು ಜೊತೆಗಿತ್ತು. ಶುಕ್ರವಾರ, ಶನಿವಾರ ಬೇಕೆಂದೇ ಆ ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಆಗಲೂ ಬಂತು. ನಿನ್ನೆಯಂತೂ ‘ಇಲ್ಲೇ ಇದ್ದೀನಿ’ ಅಂದಳು.

ಆಂಟಿ, ನನಗೆ ಹೆದರಿಕೆಯಾಗುತ್ತಿದೆ. ನಾಳೆ ಕೇಳಿಸದೆ ಹೋದರೆ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದು. ಆರು ಗಂಟೆಗೆ ನಿಮ್ಮ ಮನೆಯಲ್ಲೂ ಏನಾದರೂ ಕೇಳಿಸುತ್ತದೆಯೇ? ಈ ಪತ್ರ ಅಂಟಿಸುವ ಮುಂಚೆ ಆ ಮೂವರಿಗೂ ನಿಜ ಹೇಳಿಬಿಡುತ್ತೇನೆ.

ಕ್ಷಮಿಸಲಾಗದಿದ್ದರೂ ಉತ್ತರ ಬರೆಯಿರಿ.

ನಿಮ್ಮ ಮಗಳ ಗೆಳತಿ,
ಸಿಡುಕಿ

ತಾ.ಕ.: ಹೇಳಿದೆ. ನಮ್ಮ ಹೊಲಿಗೆ ಟೀಚರ್‌ರಿಂದ ಆ ಮೂವರಿಗೂ ಅವಳು ತೀರಿಕೊಂಡದ್ದು ಮೊದಲ ದಿನವೇ ಗೊತ್ತಾಗಿತ್ತಂತೆ. ಧ್ವನಿ ಮಾತ್ರ ಒಂದು ದಿನವೂ ಕೇಳಿಸಿಲ್ಲವಂತೆ, ನಾನು ಫೋನಿನಿಂದ ಹಾಕಿದ್ದು ಕೂಡ. ನಾಲ್ವರದೂ ಆದ ಮೇಲೆ ನಾನು ಕಿವಿಗೊಟ್ಟು ಕೂತು, ಆಮೇಲೆ ನಗುತ್ತಿದ್ದೆನಂತೆ. ನಾನು ನಗುವ ತನಕ ಅವರೂ ದಾರ ಹಿಡಿದು ಕಾಯುತ್ತಿದ್ದರಂತೆ. ಆಂಟಿ, ನಿಮಗಾದರೂ ಕೇಳಿಸುತ್ತದೆ ಎಂದು ಬರೆಯಿರಿ. ಸುಳ್ಳಾದರೂ ಪರವಾಗಿಲ್ಲ.