ಆರು ಗುಂಡಿಯ ಕೋಟು

ನನ್ನ ಅತ್ತೆಯವರಿಗೆ,

ಹೈಸ್ಕೂಲು ಮುಗಿಸಿ ನಿಮ್ಮ ಹೊಸ್ತಿಲು ದಾಟಿ ಬಂದ ಹಿರಿಸೊಸೆ, ಈಗ ಈ ಮನೆಗೂ ಈ ಕೋಟಿನ ಅಂಗಡಿಗೂ ಯಜಮಾನಿ, ಬರೆಯುತ್ತಿದ್ದೇನೆ. ನೀವು ಹೋಗಿ ಹತ್ತೊಂಬತ್ತು ವರ್ಷವಾಯಿತು. ಅಂದಿನಿಂದ ಕತ್ತರಿ ನನ್ನ ಕೈಯಲ್ಲೇ ಇದೆ. ಹನ್ನೊಂದು ಜನ ಕೆಲಸಕ್ಕಿದ್ದಾರೆ. ನಾನು ಮೆಟ್ಟಿಲು ಹತ್ತುವ ಸದ್ದಾದರೆ ಅವರ ಬಾಯಿ ಮುಚ್ಚಿ ಹೊಲಿಗೆ ಯಂತ್ರಗಳು ಬಾಯಿ ತೆರೆಯುತ್ತವೆ. ನಾನು ಆಡಿದ ಮಾತನ್ನು ಎರಡನೇ ಸಲ ಹೇಳಿಸಿಕೊಳ್ಳುವ ಪದ್ಧತಿ ಇಲ್ಲಿಲ್ಲ. ಯಾರಿಗೂ ನಾನು ಜವಾಬು ಹೇಳಬೇಕಾದ್ದೂ ಇಲ್ಲ, ನಿಮ್ಮೊಬ್ಬರನ್ನು ಬಿಟ್ಟು. ನೀವು ಹಾಕಿದ ಒಂದು ಕಟ್ಟಳೆಯನ್ನು ಮುರಿದಿದ್ದೇನೆ. ಹೇಳದೆ ಕೇಳದೆ ಮುರಿದಳು ಎನ್ನುವ ಮಾತು ಬೇಡವೆಂದು ಈ ಕಾಗದ. ಜೊತೆಗೆ ಒಂದು ಪ್ರಶ್ನೆಯೂ ಇದೆ. ಉತ್ತರ ಬರುವುದಿಲ್ಲವೆಂದು ಗೊತ್ತಿದ್ದೂ ಕೇಳಬೇಕೆನ್ನಿಸುವ ಪ್ರಶ್ನೆ ನನ್ನ ಜೀವಮಾನದಲ್ಲಿ ಇದೇ ಮೊದಲನೆಯದು.

ಮೊದಲು ಮನೆಯ ಸುದ್ದಿ ಹೇಳುತ್ತೇನೆ, ಕೂತುಕೊಂಡು ಕೇಳಿ. ನಿಮ್ಮ ಮೊಮ್ಮಗನಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡದಕ್ಕೆ ಒಂಬತ್ತು ವರ್ಷ. ಚೂಟಿ ಎಂದು ಕರೆಯುತ್ತೇವೆ, ಒಂದು ಕಡೆ ನಿಲ್ಲುವುದಿಲ್ಲ. ಚಿಕ್ಕದು ಐದು ವರ್ಷದ ಮರಿ. ಇಬ್ಬರೂ ಶಾಲೆಗೆ ಹೋಗುವುದಿಲ್ಲ. ಹೌದು, ಸರಿಯಾಗಿಯೇ ಕೇಳಿಸಿಕೊಂಡಿರಿ. ಲೆಕ್ಕದ ಪಾಠವಿದ್ದ ದಿನ ಚೂಟಿಗೆ ಬೆಳಗಾಗುತ್ತಲೇ ಹೊಟ್ಟೆನೋವು ಬರುತ್ತಿತ್ತು. ಎರಡು ವರ್ಷ ನೋಡಿ ಅವಳ ಅಮ್ಮ, ಅಂದರೆ ನನ್ನ ಸೊಸೆ, ಶಾಲೆ ಬಿಡಿಸಿ ಮನೆಯಲ್ಲೇ ಕಲಿಸುತ್ತೇನೆಂದು ನಿಂತಳು. ಅವಳು ದನಿ ಏರಿಸುವವಳಲ್ಲ. ದನಿ ಏರಿಸುವವರನ್ನು ಸುಮ್ಮನೆ ಕೂರಿಸಲು ನನಗೆ ಬರುತ್ತದೆ, ಮೆಲ್ಲಗೆ ಮಾತಾಡುವವರ ಮುಂದೆ ನನ್ನ ಆಟ ನಡೆಯುವುದಿಲ್ಲ.

ಆದರೂ ಒಂದು ದಿನ ಅಂಗಡಿಯ ಎಲ್ಲರ ಎದುರಿಗೆ ಕೇಳಿಬಿಟ್ಟೆ: “ಒಂಬತ್ತು ವರ್ಷದ ಮಗೂಗೆ ಏಳರ ಮಗ್ಗಿ ಬರಲ್ಲ. ನೀನು ಯಾವ ಸೀಮೆ ಟೀಚರಮ್ಮ?” ಅವಳು ತಲೆ ತಗ್ಗಿಸಲಿಲ್ಲ. “ಮಗ್ಗಿ ಬರುತ್ತೆ ಅತ್ತೆ. ನಿಮ್ಮ ಮುಂದೆ ಬರಲ್ಲ,” ಎಂದಳು. ಯಂತ್ರಗಳು ನಿಂತವು. ನಾನು ಅಲ್ಲೇ ಷರತ್ತು ಹಾಕಿದೆ. ಶಾಲೆ ಮತ್ತೆ ತೆರೆಯುವ ದಿನ ಚೂಟಿ ನನ್ನ ಮುಂದೆ ನಿಂತು ಹನ್ನೆರಡರವರೆಗೆ ತಡವರಿಸದೆ ಮಗ್ಗಿ ಹೇಳಬೇಕು. ತಡವರಿಸಿದರೆ ಇಬ್ಬರನ್ನೂ ನಾನೇ ಕೈಹಿಡಿದು ಶಾಲೆಗೆ ಸೇರಿಸಿ ಬರುತ್ತೇನೆ. “ಆಗಲಿ ಅತ್ತೆ,” ಎಂದಳು. ಅಂದೇ ಶಾಲೆಯಿಂದ ಎರಡು ಅರ್ಜಿ ತರಿಸಿ, ತುಂಬಿ, ಸಹಿ ಹಾಕಿ ಕತ್ತರಿಸುವ ಮೇಜಿನ ಖಾನೆಯಲ್ಲಿಟ್ಟೆ.

ಅಂದಿನಿಂದ ದಿನಾ ಹತ್ತು ಗಂಟೆಗೆ ಚೂಟಿಯನ್ನು ಮೇಜಿನ ಮುಂದೆ ನಿಲ್ಲಿಸಿಕೊಂಡೆ. ಮರದ ಅಳತೆಪಟ್ಟಿಯನ್ನು ಮೇಜಿಗೆ ಕುಟ್ಟುತ್ತಾ ಹೇಳಿಸಿದೆ. ನಾನು ಕಲಿತದ್ದೂ ಹಾಗೆಯೇ, ತರಗತಿಗೆ ಮೊದಲನೆಯವಳಾಗಿದ್ದೆ. ಏಳೊಂದ್ಲ ಏಳು ಎಂದು ಹೊರಟ ಹುಡುಗಿ ಏಳೆಂಟ್ಲ ಎನ್ನುವಲ್ಲಿ ಪ್ರತಿದಿನ ನಿಲ್ಲುತ್ತಿದ್ದಳು. ಕುಟ್ಟುವ ಸದ್ದು ನಿಂತ ಮೇಲೂ ಅವಳ ರೆಪ್ಪೆ ಬಡಿಯುತ್ತಲೇ ಇರುತ್ತಿತ್ತು. ನಾನದನ್ನು ನೋಡಿದೆ. ನೋಡಿಯೂ ಕುಟ್ಟಿದೆ. ನಿಮ್ಮೆದುರು ಸುಳ್ಳು ಬರೆದು ಏನಾಗಬೇಕು?

ಹೀಗಿರುವಾಗ ಗಡಿಯಾರ ರಿಪೇರಿಯವರು ಬಂದರು. ನಿಮಗೆ ಗೊತ್ತಿದ್ದ ಮುದುಕರಲ್ಲ, ಅವರ ಮಗ. ಅಪ್ಪನ ಹಾಗೇ ಕುಳ್ಳು, ಅಪ್ಪನ ಹಾಗೇ ಹೊಟ್ಟೆ. “ಅಮ್ಮಾ, ನಿಮ್ಮ ಐದು ಗುಂಡಿಯ ಕೋಟು ಹಾಕ್ಕೊಂಡು ಕೂತರೆ ನನ್ನ ಹೊಟ್ಟೆ ಕಿಂಡೀಲಿ ಇಣುಕಿ ನೋಡುತ್ತೆ. ಒಂಬತ್ತು ಹಾಕಿಸಿದರೆ ಬಿಚ್ಚೋಷ್ಟರಲ್ಲಿ ಹಸಿವೇ ಹೋಗುತ್ತೆ. ಮಧ್ಯದ್ದು ಒಂದು ಇಲ್ವಾ?” ಎಂದರು. ನಾನು ನಲವತ್ತು ವರ್ಷದಿಂದ ಹೇಳುತ್ತಾ ಬಂದದ್ದನ್ನೇ ಹೇಳಿದೆ. ಜಾಕೀಟಿಗೆ ಮೂರು, ಗಿಡ್ಡ ಕೋಟಿಗೆ ಐದು, ಉದ್ದ ಕೋಟಿಗೆ ಒಂಬತ್ತು. ಇದು ನಮ್ಮ ಮನೆಯ ಶೈಲಿ, ನಮ್ಮತ್ತೆ ಮಾಡಿದ್ದು, ಬೇಡವಾದರೆ ಬೇರೆ ಅಂಗಡಿಗಳಿವೆ. ಅವರು ನಗುತ್ತಾ ಅಳತೆ ಕೊಟ್ಟು ಹೋದರು.

ಮೇಜಿನ ಕೆಳಗಿನಿಂದ ಚೂಟಿ ಕೇಳಿದಳು: “ಯಾಕೆ ಮೂರು, ಐದು, ಒಂಬತ್ತೇ ಅಜ್ಜಿ? ಆರು ಯಾಕಿಲ್ಲ?”

“ಮುತ್ತಜ್ಜಿ ಹಾಗೆ ಮಾಡಿದ್ರು.”

“ಮುತ್ತಜ್ಜಿ ಯಾಕೆ ಹಾಗೆ ಮಾಡಿದ್ರು?”

ಮಗ್ಗಿ ಕೇಳಿದಾಗ ನೆಲ ನೋಡುವ ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಈ ಮನೆಗೆ ಬಂದ ಮೇಲೆ ಒಂದು ದಿನವೂ ನಾನದನ್ನು ಕೇಳಿಕೊಂಡಿರಲಿಲ್ಲ. “ಗುಂಡಿಗೆ ಗುರುತು ಹಾಕೋದು ನೋಡು, ಬಾಯಿ ಮುಚ್ಕೊಂಡು,” ಎಂದು ನೀವು ನನಗೆ ತೋರಿಸಿದ ಹಾಗೇ ತೋರಿಸಿದೆ. ಕೋಟಿನ ಮುಂಭಾಗದ ಉದ್ದಕ್ಕೆ ಒಂದು ಬಟ್ಟೆಪಟ್ಟಿ. ಅದನ್ನು ಒಮ್ಮೆ ಅರ್ಧಕ್ಕೆ ಮಡಿಚು, ಮತ್ತೆ ಅರ್ಧಕ್ಕೆ, ಮತ್ತೆ ಅರ್ಧಕ್ಕೆ. ಬಿಚ್ಚಿ ಹಾಸಿದರೆ ಮಡಿಕೆ ಬಿದ್ದಲ್ಲೆಲ್ಲ ಗುಂಡಿ, ಎರಡು ತುದಿಗೆ ಎರಡು.

ಅವಳು ಪಟ್ಟಿ ಕಿತ್ತುಕೊಂಡು ತಾನೇ ಮಡಿಚಿದಳು, ಬಿಚ್ಚಿದಳು, ಮತ್ತೆ ಮಡಿಚಿದಳು. ಆಮೇಲೆ ಕಿರುಚಿದಳು: “ಅಜ್ಜಿ! ಮಡಿಚಿದ್ರೆ ಎರಡು ಪಾಲು, ಆಮೇಲೆ ನಾಲ್ಕು, ಆಮೇಲೆ ಎಂಟು. ಗುಂಡಿ ಮಾತ್ರ ಪಾಲಿಗಿಂತ ಒಂದು ಜಾಸ್ತಿ. ಅದಕ್ಕೇ ಮೂರು, ಐದು, ಒಂಬತ್ತು! ಮುಂದಿನ ಕೋಟಿಗೆ ಹದಿನೇಳು!”

ಗುಂಡಿ ತೂರುವ ಕಿಂಡಿಗೆ ಕಾಜ ಹಾಕುವ ಹೆಂಗಸು, ನೀವು ಕೆಲಸಕ್ಕಿಟ್ಟುಕೊಂಡ ನಮ್ಮ ಕಾಜದಕ್ಕ, ಸೂಜಿ ಕೆಳಗಿಟ್ಟಳು. “ಹದಿನೇಳು ಕಾಜಾನಾ? ನನ್ನ ಕಣ್ಣು ಹೋದ ಮೇಲೆ ಮಾಡ್ಸವ್ವ,” ಎಂದಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ನಾವು ಗಿರಾಕಿಗಳ ಮುಂದೆ ಎದೆಯುಬ್ಬಿಸಿ ಹೇಳಿಕೊಂಡು ಬಂದ ಶೈಲಿ ಒಂದು ಬಟ್ಟೆಪಟ್ಟಿಯ ಮಡಿಕೆಯಷ್ಟೇ ಎಂದು ಒಂಬತ್ತು ವರ್ಷದ್ದು ಹೇಳುತ್ತಿತ್ತು.

“ಆರು ಗುಂಡಿ ಏನು ಮಹಾ,” ಎಂದೆ. “ಮಡಿಚೋದು ಬೇಡ, ಭಾಗಾಕಾರ ಸಾಕು. ನೋಡು.” ಗಡಿಯಾರದವರ ಕೋಟಿನಲ್ಲಿ ಮೇಲಿನ ಗುಂಡಿಯಿಂದ ಕೆಳಗಿನ ಗುಂಡಿಗೆ ಇಪ್ಪತ್ತೊಂದು ಇಂಚು. ಆರು ಗುಂಡಿ, ಆರರಿಂದ ಭಾಗಿಸು, ಮೂರೂವರೆ. ಎಲ್ಲರ ಎದುರಿಗೆ ಟೇಪು ಹಿಡಿದು, ಮೂರೂವರೆಗೊಂದು ಸೀಮೆಸುಣ್ಣದ ಗುರುತು ಹಾಕುತ್ತಾ ಹೋದೆ. ಆರನೆಯ ಗುಂಡಿ ಬಿತ್ತು. ಅದರ ಕೆಳಗೆ ಮೂರೂವರೆ ಇಂಚು ಬಟ್ಟೆ ಬರಿದಾಗಿ ಉಳಿಯಿತು.

ಮರಿ, “ಅಜ್ಜಿ, ಒಂದು ಗುಂಡಿ ಎಲ್ಲೋ ಬಿದ್ದೋಯ್ತು,” ಎಂದು ನೆಲದ ಮೇಲೆ ಹುಡುಕತೊಡಗಿತು.

ಗುಂಡಿ ಬೀಳಲಿಲ್ಲ ಅತ್ತೆ, ನಾನು ಬಿದ್ದೆ. ಆರು ಗುಂಡಿಯ ನಡುವೆ ಇರುವುದು ಐದೇ ಸಂದು. ಐದರಿಂದ ಭಾಗಿಸಬೇಕಿತ್ತು. ನಿಮ್ಮ ಮಡಿಕೆ ಆ ಒಂದನ್ನು ತಾನಾಗಿಯೇ ಸರಿಮಾಡಿಕೊಳ್ಳುತ್ತಿತ್ತು; ತರಗತಿಗೆ ಮೊದಲನೆಯವಳಾದ ನನ್ನ ಮಗ್ಗಿ ಮಾಡಲಿಲ್ಲ. ಐದರಿಂದ ಭಾಗಿಸಿದೆ. ನಾಲ್ಕು ಇಂಚು, ಮೇಲೆ ಇಂಚಿನ ಐದನೇ ಒಂದು ಪಾಲು. ಟೇಪಿನಲ್ಲಿ ಹಾಗೊಂದು ಗೆರೆಯೇ ಇಲ್ಲ. ಚೂಟಿ ಮೂಗು ತಾಗುವಷ್ಟು ಬಗ್ಗಿ ನೋಡಿ, “ಇಂಚಿಗೆ ಎಂಟು ಗೆರೆ. ಟೇಪು ಮಾಡಿದವರೂ ಮಡಿಚಿದ್ದಾರೆ ಅಜ್ಜಿ, ಮುತ್ತಜ್ಜಿ ಥರ!” ಎಂದಳು. ಇಷ್ಟು ವರ್ಷ ಕೊರಳಿಗೆ ನೇತುಹಾಕಿಕೊಂಡು ತಿರುಗಿದ ಟೇಪನ್ನು ನಾನು ಅಂದು ನೋಡಿದೆ.

ಆರು ಗುಂಡಿಯ ದಾರಿ ತೋರಿಸಿದ್ದು ಮರಿಯ ಇರುವೆಗಳು. ಚೂರು ಇಲಾಸ್ಟಿಕ್ಕಿನ ಮೇಲೆ ಅದು ಪೆನ್ನಿನಿಂದ ಇರುವೆಸಾಲು ಬರೆದು, ಎಳೆದರೆ ಇರುವೆಗಳು ನಡೆಯುತ್ತವೆಂದು ಎಲ್ಲರಿಗೂ ತೋರಿಸುತ್ತಿತ್ತು. ಎರಡು ದಿನ ಬಿಟ್ಟು ಚೂಟಿ ಊಟದ ತಟ್ಟೆ ಬಿಟ್ಟೆದ್ದು ಓಡಿದಳು. ಇಲಾಸ್ಟಿಕ್ಕಿನ ಮೇಲೆ ಮೂರು ಮೂರು ಇಂಚಿಗೆ ಒಂದರಂತೆ ಆರು ಇರುವೆ ಬರೆದಳು. ಅವಳು ಒಂದು ತುದಿ, ಅವಳಮ್ಮ ಒಂದು ತುದಿ. ಮೊದಲನೆಯ ಇರುವೆ ಮೇಲಿನ ಗುರುತಿಗೆ, ಕೊನೆಯದು ಕೆಳಗಿನ ಗುರುತಿಗೆ ಬರುವವರೆಗೆ ಎಳೆದರು. ನಡುವಿನ ನಾಲ್ಕು ಇರುವೆಗಳು ಭಾಗಾಕಾರ ಮಾಡದೆ, ಮಗ್ಗಿ ಹೇಳದೆ, ತಮ್ಮ ತಮ್ಮ ಜಾಗದಲ್ಲಿ ನಿಂತಿದ್ದವು.

ನಾನು ಅವರೆದುರು “ಹ್ಞೂಂ” ಎಂದಷ್ಟೇ ಅಂದೆ. ಮರುದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದ ಮೇಲೆ ಬಾಗಿಲು ಮುಂದೆಮಾಡಿ, ಇಲಾಸ್ಟಿಕ್ಕಿನ ತುದಿಯನ್ನು ಕುರ್ಚಿಯ ಕಾಲಿಗೆ ಕಟ್ಟಿ ಎಳೆದು ನೋಡಿದೆ. ಏಳು ಇರುವೆ ಸರಿ ಬಂತು. ಹನ್ನೊಂದೂ ಬಂತು. ಬಳಸಿ ಸಡಿಲವಾದ ಹಳೇ ಇಲಾಸ್ಟಿಕ್ಕು ಮಾತ್ರ ಮೋಸ ಮಾಡಿತು. ಒಂದು ಕಡೆ ಜಾಸ್ತಿ ಹಿಗ್ಗಿ ಒಂದು ಕಡೆ ಬಿಗಿದುಕೊಂಡಿತು. ಯಾಕೆ? ಎಷ್ಟು ಸಲ ಎಳೆದ ಮೇಲೆ ಹೀಗಾಗುತ್ತದೆ? ಹೊಸದನ್ನು ಎಳೆಯುತ್ತಾ ಎಣಿಸತೊಡಗಿದೆ. ಊಟ ಮರೆತೆ. ಅರವತ್ತು ದಾಟಿದ ಯಜಮಾನಿ ನೆಲದ ಮೇಲೆ ಕಾಲು ಚಾಚಿ ಕೂತು ಇಲಾಸ್ಟಿಕ್ ಎಳೆಯುತ್ತಿರುವಾಗ ಬಾಗಿಲು ತೆರೆಯಿತು. ನನ್ನ ಸೊಸೆ. ಅವಳು ನಗಲಿಲ್ಲ. “ಅತ್ತೆ, ಆ ತುದಿ ನಾನು ಹಿಡ್ಕೊಳ್ಲಾ?” ಎಂದು ಕೇಳಿ ಎದುರಿಗೆ ಕೂತಳು. ಅವಳು ಮಕ್ಕಳಿಗೆ ಕಲಿಸುವುದು ಹೀಗೆಯೇ ಎಂದು ನನಗೆ ತಿಳಿದದ್ದು ಆಗ. ಹೇಳಿಕೊಡುವುದಿಲ್ಲ, ತುದಿ ಹಿಡಿದು ಕೂರುತ್ತಾಳೆ.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಮುತ್ತಜ್ಜಿ ಇನ್ನೇನು ಮಡಿಚುತ್ತಿದ್ದರು ನೋಡಬೇಕೆಂದು ಚೂಟಿ ನಿಮ್ಮ ತಗಡಿನ ಪೆಟ್ಟಿಗೆ ತೆಗೆಸಿದಳು. ಒಳಗೆ ನಿಮ್ಮ ಗಿರಾಕಿಗಳ ಕಾಗದದ ಪಟ್ಟಿಗಳು. ಒಬ್ಬೊಬ್ಬರಿಗೆ ಒಂದೊಂದು, ಕುತ್ತಿಗೆಗೆ ಕತ್ತರಿಯ ಒಂದು ಕಚ್ಚು, ಎದೆಗೆ ಎರಡು, ಸೊಂಟಕ್ಕೆ ಮೂರು. ಯಾರ ಪಟ್ಟಿ ಎಂದು ತಿಳಿಯಲು ಅವರ ಕೋಟಿನದೇ ಒಂದು ಗುಂಡಿ ಕಟ್ಟಿದ್ದೀರಿ. ಒಂದರ ಮೇಲೂ ಹೆಸರಿಲ್ಲ, ಅಂಕಿಯಿಲ್ಲ. ಚೂಟಿ ತಿರುಗಿಸಿ ತಿರುಗಿಸಿ ನೋಡಿ ಕೇಳಿದಳು: “ಮುತ್ತಜ್ಜಿಗೆ ಅಂಕಿ, ಅಕ್ಷರ ಬರ್ತಿರಲಿಲ್ವಾ ಅಜ್ಜಿ?”

ಬಾಯಿಗೆ ಬಂದದ್ದು ಬೈಗುಳ. ಹೊರಗೆ ಬರಲಿಲ್ಲ. ಕಾಜದಕ್ಕನ ಕಡೆ ನೋಡಿದೆ. ಅವಳು ತಲೆಯೆತ್ತದೆ ಸೂಜಿಗೆ ದಾರ ಪೋಣಿಸುತ್ತಿದ್ದಳು. “ನಂಗೆ ಗೊತ್ತಿತ್ತು. ನಿಮಗೆ ಗೊತ್ತಾಗ್ಬಾರ್ದು ಅಂತ ಆಣೆ ಹಾಕ್ಸಿದ್ರು. ಓದಿದ ಸೊಸೆ ಬಂದಿದಾಳೆ, ಮರ್ಯಾದೆ ಹೋಗುತ್ತೆ ಅಂತಿದ್ರು,” ಎಂದಳು.

ಅಂದರೆ ಅತ್ತೆ, ಗಿರಾಕಿಯ ಚೀಟಿ ಬಂದಾಗಲೆಲ್ಲ ನನ್ನ ಕಡೆಗೆ ಎಸೆದು, “ನೀನೇ ಓದು. ನಿನ್ನ ಹೈಸ್ಕೂಲಿಗೂ ಒಂದು ಕೆಲ್ಸ ಬೇಡ್ವಾ?” ಎನ್ನುತ್ತಿದ್ದಿರಲ್ಲ, ಅದು ಚುಚ್ಚುಮಾತಾಗಿರಲಿಲ್ಲವೇ? ಎಷ್ಟು ವರ್ಷ ಆ ಮುಳ್ಳನ್ನು ಇಟ್ಟುಕೊಂಡೆ. ನಿಮಗೆ ನನ್ನ ಕಣ್ಣು ಬೇಕಿತ್ತು, ಕೇಳಲು ಬಾಯಿ ಬರಲಿಲ್ಲ. ಏಳೆಂಟ್ಲ ಎನ್ನುವಲ್ಲಿ ಚೂಟಿಯ ರೆಪ್ಪೆ ಬಡಿಯುತ್ತಿತ್ತಲ್ಲ, ಚೀಟಿ ಎಸೆಯುವ ಮುಂಚೆ ನಿಮ್ಮದೂ ಬಡಿಯುತ್ತಿತ್ತೇ? ನಾನು ಎದುರಿಗೇ ಇದ್ದೆ. ನೋಡಲಿಲ್ಲ. ಅಂಕಿ ಬಾರದ ನೀವು ಅರ್ಧದ ಅರ್ಧದ ಅರ್ಧವನ್ನು ಬೆರಳಿನಲ್ಲಿ ಕಂಡುಕೊಂಡು ಒಂದು ಊರಿಗೇ ಕೋಟು ತೊಡಿಸಿದಿರಿ. ಎಲ್ಲ ಅಂಕಿ ಬಂದ ನಾನು ಒಂದು ಗುಂಡಿ ಕಳೆದೆ. ಯಾರಿಗೆ ಲೆಕ್ಕ ಬರುತ್ತಿತ್ತು, ಹೇಳಿ.

ಶಾಲೆ ತೆರೆಯುವ ದಿನ ಬಂತು. ಮಾತು ಮಾತೇ, ಚೂಟಿಯನ್ನು ನಿಲ್ಲಿಸಿದೆ. ಅಳತೆಪಟ್ಟಿಯನ್ನು ಖಾನೆಯಲ್ಲಿಟ್ಟೆ. ಸೊಸೆ ಬಾಗಿಲ ಬಳಿ ನಿಂತಿದ್ದಳು, ಕೈಯಲ್ಲಿ ಸೆರಗಿನ ತುದಿ. ಆರರವರೆಗೆ ಸಲೀಸಾಗಿ ಬಂತು. ಏಳೆಂಟ್ಲ ಎಂದು ನಿಂತಳು. ಎಂದಿನಂತೆಯೇ ನಿಂತಳು. ಅವಳ ಬೆರಳು ಲಂಗದ ಅಂಚನ್ನು ಒಮ್ಮೆ ಮಡಿಚಿತು, ಇನ್ನೊಮ್ಮೆ, ಮತ್ತೊಮ್ಮೆ. “ಐವತ್ತಾರು,” ಎಂದಳು.

“ಯಾಕೆ ನಿಂತೆ?”

“ಬಾಯಿಪಾಠ ಮರೆತೋಯ್ತು ಅಜ್ಜಿ. ಎಂಟು ಅಂದ್ರೆ ಮೂರು ಮಡಿಕೆ ಅಲ್ವಾ? ಅದಕ್ಕೆ ಏಳನ್ನ ಮೂರು ಸಲ ಬಿಚ್ಚಿದೆ. ಹದಿನಾಲ್ಕು, ಇಪ್ಪತ್ತೆಂಟು, ಐವತ್ತಾರು.” ಆಮೇಲೆ ತಾನಾಗಿಯೇ ಸೇರಿಸಿದಳು: “ಹದಿನಾರೇಳ್ಲನೂ ಹೇಳ್ಲಾ? ಇನ್ನೊಂದು ಸಲ ಬಿಚ್ಚಿದ್ರಾಯ್ತು.”

ಷರತ್ತಿನ ಪ್ರಕಾರ ತಡವರಿಸಿದ್ದಳು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಖಾನೆ ಎಳೆದು ಎರಡು ಅರ್ಜಿಗಳನ್ನೂ ಹೊರಗೆ ತೆಗೆದೆ. ಸೊಸೆಯ ಮುಖ ಬಿಳಿಚಿತು. ಒಳ್ಳೇ ದಪ್ಪ ಕಾಗದ ಅತ್ತೆ, ಕಚ್ಚು ಹಾಕಿದರೆ ಹರಿಯುವುದಿಲ್ಲ. ಒಂದೊಂದರಿಂದ ಉದ್ದಕ್ಕೆ ಒಂದೊಂದು ಪಟ್ಟಿ ಕತ್ತರಿಸಿ, ಎರಡನ್ನೂ ತುದಿಗೆ ತುದಿ ಅಂಟಿಸಿ, ಚೂಟಿಯ ಕೈಗೆ ಕೊಟ್ಟು, “ಗಡಿಯಾರದವರ ಪಟ್ಟಿ. ನಿನ್ನ ಇರುವೆ ಇಟ್ಟು ಕಚ್ಚು ಹಾಕು,” ಎಂದೆ. ಸೊಸೆಗೆ, “ನೀನು ಆ ತುದಿ ಹಿಡ್ಕೋ, ಟೀಚರಮ್ಮ,” ಎಂದೆ. ಇದಕ್ಕಿಂತ ಹೆಚ್ಚು ಕ್ಷಮೆ ಕೇಳುವುದು ನನಗೆ ಬರುವುದಿಲ್ಲ. ಅದು ನಿಮ್ಮಿಂದಲೇ ಬಂದ ಗುಣ. ಅವಳಿಗೆ ಅರ್ಥವಾಯಿತು.

ನಿಮಗೆ ಕೋಪ ಬಂದಿದ್ದರೆ ನನ್ನ ಮೇಲಿರಲಿ, ನಿಮ್ಮ ಕೈ ಆ ಎರಡು ಮಕ್ಕಳ ತಲೆಯ ಮೇಲಿರಲಿ. ಹತ್ತು ಗಂಟೆಗೆ ಕತ್ತರಿಸುವ ಮೇಜು ಇನ್ನು ಅವರದು. ಆ ಒಂದು ತಾಸು ನಾನೂ ಸ್ಟೂಲು ಹಾಕಿಕೊಂಡು ಕೂರುತ್ತೇನೆ. ನೀವು ಪಟ್ಟಿ ತೂಗುಹಾಕುತ್ತಿದ್ದ ಮೊಳೆಯಲ್ಲಿ ಹೊಸ ಪಟ್ಟಿ ನೇತಾಡುತ್ತಿದೆ, ಆರು ಕಚ್ಚಿನದು, ಒಂದು ಗುಂಡಿ ಕಟ್ಟಿದ್ದು. ಕೋಟು ಮೊನ್ನೆಯೇ ಹೋಯಿತು, ಒಳಗೆ ನಿಮ್ಮ ಹೆಸರಿನ ಚೀಟಿ ಹೊಲಿದೇ ಕಳಿಸಿದ್ದೇನೆ.

ಈಗಲೂ ನಿಮಗಾಗಿ ಚೀಟಿ ಓದುವ,
ನಿಮ್ಮ ಸೊಸೆ